ಐದೂರಿನ ಸಾರಿಗೆಗೆ ಅಣ್ಣಾಸಾಬ ಕೂಗಿದ ಸವಾಲು

ಐದು ಊರುಗಳ ಸಾರಿಗೆಯನ್ನು ಸರಿಪಡಿಸಲು ನೇಮಕವಾದ ಮನುಷ್ಯ ಮೊದಲನೆಯ ಸಭೆಗೆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಬಂದ. ಬಂದನೇನೋ ಸರಿ, ಇಳಿಯುವುದು ಆಗಲಿಲ್ಲ. ಮಡ್‌ಗಾರ್ಡಿನ ಒಂದು ಬೋಲ್ಟು ಸಂಗ್ರಾಮನ ಪ್ಯಾಂಟಿನ ಹಿಂಬದಿಯನ್ನು ಅಂಕಲಿಯಿಂದಲೇ ಪ್ರೀತಿಯಿಂದ ಹಿಡಿದುಕೊಂಡಿತ್ತು. ಚಿಕ್ಕೋಡಿಯ ಕಚೇರಿ ಎದುರು ಅವನು ಜಿಗಿದ, ಪ್ಯಾಂಟು ಜಿಗಿಯಲಿಲ್ಲ. ಮಹಡಿಯ ಕಿಟಕಿಯಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ ಐದೂ ಊರಿನ ಅಧ್ಯಕ್ಷರು ಆ ಪರ್ ಎಂಬ ಸದ್ದನ್ನು ಕೇಳಿ, ನೋಡಿ, ಮತ್ತೆ ನೋಡಿ, ಸಭ್ಯರಾದ್ದರಿಂದ ಕಪ್ಪಿನೊಳಗೆ ನಕ್ಕರು.

ಆ ದಿನದ ಭಾಷಣವನ್ನು ಸಂಗ್ರಾಮ ಗೋಡೆಗೆ ಬೆನ್ನು ಹಚ್ಚಿಯೇ ಮುಗಿಸಿದ. ನಕ್ಷೆ ಎದುರಿನ ಗೋಡೆಯ ಮೇಲಿತ್ತು. ಅಲ್ಲಿಗೆ ಹೋಗಬೇಕೆಂದರೆ ಸಭೆಗೆ ಬೆನ್ನು ತೋರಿಸಬೇಕು. ಆದ್ದರಿಂದ ದೂರದಿಂದಲೇ ಬೆರಳು ಮಾಡಿದ. ಅವನು ರಾಯಬಾಗ ಎಂದು ತೋರಿಸಿದ್ದು ಅಥಣಿಯವರ ಕಣ್ಣಿಗೆ ಅಥಣಿಯಾಗಿ ಕಂಡಿತು. ಜಗಳ ಅಲ್ಲಿಂದಲೇ ಶುರುವಾಯಿತು.

ಟ್ರ್ಯಾಕ್ಟರು ಹತ್ತುವಂತಾದದ್ದರ ತಪ್ಪು ಚಹಾದ್ದು. ಬೆಳಿಗ್ಗೆ ಅವನು ಕಾಗವಾಡಕ್ಕೆ ಹೋಗಿ, ಅಲ್ಲಿಯ ಅಧ್ಯಕ್ಷೆ ಮನೀಷಾ ತಾಯಿಯವರನ್ನು ಸಭೆಗೆ ಒಪ್ಪಿಸಿದ್ದ. ತಮ್ಮ ಕಾರಿನಲ್ಲೇ ಬನ್ನಿ ಎಂದು ಅವರು ಕರೆದರು. ಸಾರಿಗೆಯವನು ಬಸ್ಸಿನಲ್ಲೇ ಹೋಗಬೇಕು ಎಂದು ದೊಡ್ಡಸ್ತಿಕೆ ತೋರಿಸಿ ಇವನು ಬಸ್ಸು ಹತ್ತಿದ. ಅಂಕಲಿಯಲ್ಲಿ ಬಸ್ಸು ನಿಂತಾಗ ಚಹಾಕ್ಕೆ ಇಳಿದ. ಚಹಾ ಸುಡುತ್ತಿತ್ತು. ಕಪ್ಪಿನ ಕೆಳಗಿನ ಬಸಿಗೆ ಹಾಕಿ ಊದಿ ಊದಿ ಕುಡಿಯುವಷ್ಟರಲ್ಲಿ ಬಸ್ಸು ತನ್ನ ಹೊತ್ತಿಗೆ ಸರಿಯಾಗಿ ಹೊರಟುಹೋಯಿತು. ಈ ಭಾಗದ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲವೆಂದು ಅವನೇ ತನ್ನ ಟಿಪ್ಪಣಿಯ ಮೊದಲ ಪುಟದಲ್ಲಿ ಬರೆದಿದ್ದ.

ಬಸಿ ಹಿಡಿದುಕೊಂಡೇ ರಸ್ತೆಯ ಕಡೆ ನೋಡುತ್ತಿದ್ದವನ ಪಕ್ಕದಲ್ಲಿ ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತರ, ಕಿವಿಯಲ್ಲಿ ಕೂದಲಿದ್ದ ಒಬ್ಬ ಹಿರಿಯ ನಿಂತಿದ್ದ. ಯಾರು, ಎಲ್ಲಿಗೆ, ಏನು ಕೆಲಸ ಎಂದು ಕೇಳಿದ. ಸಂಗ್ರಾಮ ಸಿಟ್ಟಿನಲ್ಲಿ ಎಲ್ಲವನ್ನೂ ಹೇಳಿದ. ಹಿರಿಯ ಕೈ ಎತ್ತಲಿಲ್ಲ. ಬರುತ್ತಿದ್ದ ಟ್ರ್ಯಾಕ್ಟರಿನ ಕಡೆ ಗದ್ದ ಎತ್ತಿದ, ಅಷ್ಟೇ. ಎರಡು ಟ್ರೇಲರು ತುಂಬ ಕಬ್ಬು ಹೇರಿಕೊಂಡಿದ್ದ ಆ ಗಾಡಿ ಏದುಸಿರು ಬಿಡುತ್ತ ನಿಂತಿತು.

“ಇವ್ರನ್ನ ಚಿಕ್ಕೋಡಿಗಿ ಮುಟ್ಟಸಪಾ,” ಎಂದ ಹಿರಿಯ. “ಸಾರಿಗೆ ಸಾಹೇಬ್ರ ಅದಾರ. ಬಸ್ ತಪ್ಪೇತಿ.”

ಆ ಹಿರಿಯನೇ ಅಂಕಲಿಯ ಅಣ್ಣಾಸಾಬ.

ಅವನ ಕತೆಗೆ ಬರುವ ಮೊದಲು ಸಂಗ್ರಾಮನ ಕುತ್ತಿಗೆಯ ಮೇಲೆ ತೂಗುತ್ತಿದ್ದುದು ಏನೆಂದು ಹೇಳಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ವ್ಯಾಪಾರಿಗಳು, ಗಾಡಿ ಮಾಲೀಕರು, ಬೆಳೆಗಾರರು ಸೇರಿ ಐದೂರ ಕೂಟ ಎಂಬ ಸಂಸ್ಥೆ ಕಟ್ಟಿಕೊಂಡಿದ್ದರು. ಊರಿಗೊಂದು ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ. ಕೂಟ ಆವರೆಗೆ ಮಾಡಿದ ಕೆಲಸ ಒಂದೇ: ಚಿಕ್ಕೋಡಿಯ ಹೊರಗೆ ಪೇಟೆಯ ಕಸವನ್ನು ಗೊಬ್ಬರ ಮಾಡುವ ಡಿಪೋ. ಸಂಗ್ರಾಮ ಬಹಳ ವರ್ಷ ಅದರ ಮೇಲ್ವಿಚಾರಕನಾಗಿದ್ದ. ಸಂಜೆ ಮನೆಗೆ ಬಂದರೆ ಹೆಂಡತಿ ಸುಜಾತಾ ಮಾತಾಡದೆ ಹಿತ್ತಲ ಬಾಗಿಲ ಕಡೆ ಬೆರಳು ಮಾಡುತ್ತಿದ್ದಳು. ಬಚ್ಚಲಲ್ಲಿ ಸ್ನಾನ ಮುಗಿದ ಮೇಲೆ ಮಾತು. ಮದುವೆಯ ಪಂಕ್ತಿಯಲ್ಲಿ ಅವನ ಎಡಬಲದ ಎಲೆಗಳು ಕೊನೆಗೆ ತುಂಬುತ್ತಿದ್ದವು. ಸೆಂಟು ಹಚ್ಚಿಕೊಂಡು ನೋಡಿದ. ಕಸದ ಮೇಲೆ ಮಲ್ಲಿಗೆ ಬಾಡಿದ ವಾಸನೆಯಾಯಿತೇ ಹೊರತು ಬೇರೆ ಪ್ರಯೋಜನವಾಗಲಿಲ್ಲ.

ಹೀಗಿರುವಾಗ ಸಾರಿಗೆ ಯೋಜನೆ ಬಂತು. ಯಾವ ದಾರಿಗೆ ಯಾವ ಬಸ್ಸು, ಕಬ್ಬಿನ ಹಂಗಾಮಿನಲ್ಲಿ ಟ್ರೇಲರುಗಳು ಪೇಟೆಯೊಳಗೆ ನುಗ್ಗದಂತೆ ಏನು ಮಾಡಬೇಕು, ನಿಪ್ಪಾಣಿಯಿಂದ ಅಥಣಿಗೆ ಹೊರಟವನು ನಡುವೆ ಇಳಿದು ಹತ್ತಿ ಇಳಿದು ಹತ್ತಿ ಅರ್ಧ ಆಯುಷ್ಯ ಕಳೆಯದೆ ಮುಟ್ಟುವುದು ಹೇಗೆ, ಇದನ್ನೆಲ್ಲ ಬಲ್ಲವರಿಂದ ಅಳೆದು ಬರೆಸುವ ಯೋಜನೆ. ಖರ್ಚಿನ ಅರ್ಧ ಮೇಲಿನಿಂದ, ಅಂದರೆ ಸರಕಾರದಿಂದ, ಬರುತ್ತದೆ. ಉಳಿದರ್ಧವನ್ನು ಐದೂರೂ ಹಂಚಿಕೊಂಡು ಫೆಬ್ರುವರಿ ಮುಗಿಯುವುದರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಮೇಲಿನದೂ ವಾಪಸ್. ಕೂಟದ ಕಾರ್ಯದರ್ಶಿ ಮುರಗೆಪ್ಪ ಸಂಗ್ರಾಮನನ್ನು ಡಿಪೋದಿಂದ ಕರೆಸಿ, ಫ್ಯಾನಿನ ಕೆಳಗಿನ ಕುರ್ಚಿ ತೋರಿಸಿ, ನಿಯಮವನ್ನು ಚುಟುಕಾಗಿ ಹೇಳಿದ.

“ಐದೂರಿನ ರೊಕ್ಕ ಬಂತಂದ್ರ ಈ ಕುರ್ಚಿ ನಿಂದು. ಬರ್ಲಿಲ್ಲಂದ್ರ ಡಿಪೋದ ಕೀಲಿ ಎಲ್ಲೂ ಹೋಗಿಲ್ಲ.”

ಫ್ಯಾನಿನ ಕೆಳಗೆ ಕುಳಿತು ವಾರವಾಗುವಷ್ಟರಲ್ಲಿ ಸುಜಾತಾ ಮುಂಬಾಗಿಲಲ್ಲೇ ಅವನನ್ನು ಮಾತಾಡಿಸತೊಡಗಿದ್ದಳು. ಸಂಗ್ರಾಮನಿಗೆ ಐದೂರಿನ ಏಳಿಗೆಗಿಂತ ಆ ಮುಂಬಾಗಿಲು ಮುಖ್ಯವಾಗಿತ್ತು ಎಂದರೆ ಅವನ ಮೇಲೆ ಅಪವಾದವೇನೂ ಅಲ್ಲ.

ಈಗ ಪ್ಯಾಂಟು ಹರಿದ ಸಭೆಗೆ ಬರೋಣ. ಪಾಲು ಹಾಕುವುದು ಹೇಗೆ ಎಂದು ಕೇಳಿದ್ದೇ ತಡ, ಐದೂರಿನವರು ಐದು ಬಗೆಯ ಗಣಿತ ತೆಗೆದರು. ಚಿಕ್ಕೋಡಿಯ ಅಧ್ಯಕ್ಷರು ಎಲ್ಲರಿಗೂ ಸಮಪಾಲು ಎಂದರು. ಚಿಕ್ಕೋಡಿ ಇಂದಲ್ಲ ನಾಳೆ ಜಿಲ್ಲೆಯಾಗುವ ಊರು, ಆದ್ದರಿಂದ ಈಗಲೇ ಎಲ್ಲರನ್ನೂ ಸಮನಾಗಿ ಕಾಣುವುದನ್ನು ರೂಢಿ ಮಾಡಿಕೊಳ್ಳುತ್ತಿದೆ ಎಂಬುದು ಅವರ ವಾದ. ಕಾಗವಾಡದ ಮನೀಷಾ ತಾಯಿ, ತಮ್ಮದು ಸಣ್ಣ ಊರು, ತಲೆ ಎಣಿಸಿ ಪಾಲು ಹಾಕಿ ಎಂದರು. ಅಥಣಿಯ ಅಧ್ಯಕ್ಷ ಬಾಳಾಸಾಬ ಎದ್ದು ನಿಂತು, ತಲೆ ಎಣಿಸುವುದೆಂದರೆ ಅಥಣಿಯವರು ಮಕ್ಕಳನ್ನು ಹೆತ್ತದ್ದಕ್ಕೆ ದಂಡ ಹಾಕಿದಂತೆ, ರಸ್ತೆಯ ಉದ್ದ ಅಳೆಯಿರಿ ಎಂದ. ನಿಪ್ಪಾಣಿಯವರು ಕೂಡಲೇ ಒಪ್ಪಿದರು: ತಮ್ಮ ಊರಿನ ದೊಡ್ಡ ರಸ್ತೆ ಹೈವೇ, ಅದು ದಿಲ್ಲಿಯವರದು, ಹಾಗಾಗಿ ತಮ್ಮ ಪಾಲು ಸೊನ್ನೆ. ರಾಯಬಾಗದವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಊರಿಗೆ ರೈಲಿದೆ. ರೈಲಿದ್ದವರಿಗೆ ಬಸ್ಸಿನ ಯೋಜನೆ ಯಾಕೆ? ನಾಲ್ಕೂ ಊರಿನವರು ತಮ್ಮ ಸ್ಟೇಶನ್ನಿಗೆ ಬಂದು ಹತ್ತುವುದರಿಂದ ಅವರೇ ರಾಯಬಾಗಕ್ಕೆ ಏನಾದರೂ ಕೊಡಬೇಕು.

ಆಮೇಲೆ ಎಲ್ಲರೂ ಒಂದು ಮಾತಿಗೆ ಬಂದರು. ನಿಪ್ಪಾಣಿಯವರು ಹೋಗುವುದು ಕೊಲ್ಲಾಪುರಕ್ಕೆ, ಕಾಗವಾಡದವರು ಮೀರಜಕ್ಕೆ, ಅಥಣಿಯವರು ವಿಜಯಪುರಕ್ಕೆ. ಈ ಐದೂರಿನವರು ಒಬ್ಬರ ಊರಿಗೊಬ್ಬರು ಹೋಗುವುದು ಹೆಣ್ಣು ನೋಡಲು ಮತ್ತು ಮಣ್ಣು ಕೊಡಲು. ಅಷ್ಟಕ್ಕೆ ಯೋಜನೆ ಬೇಕೇ? ಸಭೆ ಉಪ್ಪಿಟ್ಟಿನೊಂದಿಗೆ ಮುಗಿಯಿತು. ಗೋಡೆಯಿಂದ ಬೆನ್ನು ತೆಗೆಯಲಾಗದೆ ಸಂಗ್ರಾಮನಿಗೆ ಉಪ್ಪಿಟ್ಟೂ ಸಿಗಲಿಲ್ಲ.

ಮರುದಿನ ಅವನು ಅಂಕಲಿಗೆ ಹೋದದ್ದು ಅಣ್ಣಾಸಾಬನನ್ನು ಬಯ್ಯಬೇಕೆಂದು. ಹೋದವನು ಮಧ್ಯಾಹ್ನದವರೆಗೆ ಅದೇ ಚಹಾ ಅಂಗಡಿಯ ಬಾಕಿನ ಮೇಲೆ ಕುಳಿತು ಅವನ ಕತೆ ಕೇಳಿದ. ಬಯ್ಯುವುದು ಮರೆತೇಹೋಯಿತು.

ಅಣ್ಣಾಸಾಬನಿಗೆ ಕೃಷ್ಣೆಯ ದಂಡೆಯಲ್ಲಿ ಒಳ್ಳೆಯ ಕಬ್ಬಿನ ಹೊಲವಿತ್ತು. ಆದರೆ ಹರೆಯದಲ್ಲಿ ಅವನ ಜೀವ ಇದ್ದದ್ದು ಜೀಪಿನಲ್ಲಿ. ಸೀಟು ತುಂಬಿದ ಮೇಲೇ ಹೊರಡುವ ಬಾಡಿಗೆ ಜೀಪಿಗೆ ಗಡಿಯವರು ವಡಾಪ ಎನ್ನುತ್ತಾರೆ. ಅವನು ಅಂಕಲಿಯಿಂದ ಮೀರಜದವರೆಗೆ ವಡಾಪ ಹೊಡೆಯುತ್ತಿದ್ದ. ಸೀಟು ತುಂಬುವುದೆಂದರೆ ಅವನ ಲೆಕ್ಕದಲ್ಲಿ ಇನ್ನೊಬ್ಬ ಹತ್ತಿದರೆ ಮೊದಲು ಹತ್ತಿದವನು ಆ ಕಡೆಯಿಂದ ಕೆಳಗೆ ಬೀಳುವ ಸ್ಥಿತಿ. ಒಳಗೆ ಎಷ್ಟು ಮಂದಿ ಇದ್ದಾರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಣಿಸಬೇಕೆಂದರೆ ಇಳಿಸಬೇಕು, ಇಳಿಸಿದರೆ ಮತ್ತೆ ಅದೇ ಮಂದಿ ಅದೇ ಜೀಪಿನಲ್ಲಿ ಹಿಡಿಸುತ್ತಿರಲಿಲ್ಲ. ಡ್ರೈವರನ ಬಲಕ್ಕೂ ಒಬ್ಬ ಕೂಡುತ್ತಿದ್ದ. ಗೇರು ಹಾಕುವಾಗ ಅಣ್ಣಾಸಾಬ ನಡುವೆ ಕುಳಿತವನಿಗೆ ‘ಮೊಣಕಾಲು ಸರಸು’ ಎನ್ನುತ್ತಿದ್ದ.

ಆ ಜೀಪಿನಲ್ಲಿ ಮುಂದಿನ ಸೀಟಿಗೆ ಬೇರೆ ದರ. ಮುಂದೆ ಕುಳಿತರೆ ಬೇಗ ಮುಟ್ಟುವುದಿಲ್ಲ. ಮೊಣಕಾಲಿಗೆ ಗೇರಿನ ಪೆಟ್ಟು ಬೇರೆ. ಆದರೂ ಬೀಗರು, ಸಾಹುಕಾರರು, ಹೊಸ ಅಂಗಿಯವರು ಹೆಚ್ಚಿಗೆ ಕೊಟ್ಟು ಮುಂದೇ ಕೂಡುತ್ತಿದ್ದರು. ಹಿಂದಿನ ಸೀಟಿನವನ ಹತ್ತಿರ ನಾಲ್ಕಾಣೆಗೆ ಜಗಳವಾಡುವ ಅಣ್ಣಾಸಾಬ ಮುಂದಿನವರ ಹತ್ತಿರ ಬಾಯಿ ತೆರೆದು ಕೇಳಿದ್ದೇ ಇಲ್ಲ.

ಜೀಪು ಮುದಿಯಾಗಿ ಗುಜರಿಗೆ ಹೋದ ದಿನ ಅವನು ಸ್ಟಿಯರಿಂಗು ಮುಟ್ಟುವುದು ಬಿಟ್ಟ. ಅಂದಿನಿಂದ ಇಂದಿನವರೆಗೆ ಎಲ್ಲಿಗೆ ಹೋಗಬೇಕಿದ್ದರೂ ಕಂಡವರ ಗಾಡಿ. ಹಾಲಿನ ಟೆಂಪೋದಲ್ಲಿ ಭೋಜ ಎಂಬ ಊರಿಗೆ, ದ್ರಾಕ್ಷಿಯ ಪಿಕಪ್ಪಿನಲ್ಲಿ ಕಾಗವಾಡಕ್ಕೆ, ಮದುವೆಯ ಕ್ರೂಸರಿನಲ್ಲಿ ಅಕ್ಕೋಳಕ್ಕೆ. ಆ ಮದುವೆಗೆ ಅವನಿಗೆ ಆಮಂತ್ರಣ ಇರುತ್ತಿರಲಿಲ್ಲ. ಊಟ ಮಾಡದೆ ಯಾರೂ ಬಿಡುತ್ತಿರಲಿಲ್ಲ. ಕುರಿ ಹೇರಿದ ಲಾರಿಯಲ್ಲಿ ಕುರಿಗಳ ನಡುವೆ ಕುಳಿತು ರಾಯಬಾಗಕ್ಕೆ ಹೋಗಿ, ಅಲ್ಲಿ ಕುರಿಯ ದರವನ್ನೂ ತಾನೇ ಮಾತಾಡಿಸಿಕೊಟ್ಟು ಬಂದಿದ್ದ. ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ. ಆ ರಸ್ತೆಯಲ್ಲಿ ಓಡಾಡುವ ಅರ್ಧ ಮಂದಿ ಒಂದು ಕಾಲಕ್ಕೆ ಅವನ ಜೀಪಿನ ಟಪ್ಪದ ಮೇಲೆ ಕುಳಿತು ಹೋದವರು. ಉಳಿದರ್ಧ ಅವರ ಮಕ್ಕಳು.

ಮಗ ಭರತ ಕಾರು ಕೊಂಡ. ಅಪ್ಪ ಅದರಲ್ಲಿ ಕೂಡಲಿಲ್ಲ. ಕಾರು ಪತ್ರಾಸಿನ ತಗಡಿನ ಚಪ್ಪರದ ಕೆಳಗೆ ತಾಡಪಾಲು ಹೊದ್ದು ನಿಂತಿದೆ, ಅದರ ಮೂತಿಯ ಮೇಲೆ ಹೆಂಡತಿ ಸಕ್ಕುಬಾಯಿ ಶಾವಿಗೆ ಒಣಹಾಕುತ್ತಾಳೆ. ಯಾಕೆ ಹೀಗೆ ಎಂದು ಕೇಳಿದರೆ ಅವಳ ಹತ್ತಿರ ಉತ್ತರ ತಯಾರಿತ್ತು.

“ಮಂದೀ ಗಾಡಿ ಅಂದ್ರ ಇವ್ರಿಗಿ ಜೀವ ಬರತೈತಿ. ಮನೀ ಗಾಡ್ಯಾಗ ಕುಂತ್ರ ಕುಂಡಿ ನೋಯ್ತೈತಿ.”

ಜೀಪಿನ ನಂತರ ಅಣ್ಣಾಸಾಬನ ಉದ್ಯೋಗ ಸವಾಲು ಕೂಗುವುದು. ಗಣಪತಿಯನ್ನು ಕಳಿಸುವ ದಿನ ಮೂರ್ತಿಯ ಮುಂದಿಟ್ಟ ತೆಂಗಿನಕಾಯಿಯನ್ನು ಊರ ಮುಂದೆ ಹರಾಜು ಹಾಕುತ್ತಾರಲ್ಲ, ಆ ಹರಾಜು. ಪೇಟೆಯಲ್ಲಿ ಮೂವತ್ತಕ್ಕೆ ಸಿಗುವ ಕಾಯಿ ಅವನ ಬಾಯಿಗೆ ಬಿದ್ದರೆ ಐವತ್ತು ಸಾವಿರಕ್ಕೆ ಹೋಗುತ್ತಿತ್ತು. ಸುತ್ತಿನ ಊರುಗಳ ಗಣಪತಿ ಮಂಡಳಿಯವರು ಮೂರ್ತಿಗಿಂತ ಮೊದಲು ಅಣ್ಣಾಸಾಬನನ್ನು ಬುಕ್ ಮಾಡುತ್ತಿದ್ದರು. ಕರೆದುಕೊಂಡು ಹೋಗಲು ಗಾಡಿ ಅವರೇ ಕಳಿಸಬೇಕು ಎಂಬುದೊಂದೇ ಕರಾರು.

ಸಂಗ್ರಾಮ ತನ್ನ ಗೋಳು ತೋಡಿಕೊಂಡ. ಐದು ಬಗೆಯ ಗಣಿತ, ಫೆಬ್ರುವರಿಯ ಗಡುವು, ಡಿಪೋದ ಕೀಲಿ, ಹಿತ್ತಲ ಬಾಗಿಲು, ಒಂದನ್ನೂ ಬಿಡಲಿಲ್ಲ. ಅಣ್ಣಾಸಾಬ ಬಸಿಯಲ್ಲಿದ್ದ ಚಹಾ ಪೂರ್ತಿ ಹೀರಿ, ಬಸಿಯನ್ನು ಕಪ್ಪಿನ ಮೇಲೆ ಬೋರಲು ಹಾಕಿದ.

“ಎಷ್ಟ ಕೊಡ್ತೀರಿ ಅಂತ ಕೇಳಿದ್ರಿ ನೀವು. ಹಂಗ ಕೇಳಿದ್ರ ಮದುವ್ಯಾಗ ಕಳಸಾ ಹಿಡಿಯಾಕಿನೂ ಕಳಸದಾನ ಅಕ್ಕಿ ಕಡಿಮಿ ಮಾಡತಾಳ. ಮುಂದ ಯಾರ ಕುಂಡ್ರತೀರಿ ಅಂತ ಕೇಳ್ರಿ.”

ಅವನ ಉಪಾಯ ಸರಳವಾಗಿತ್ತು. ಯೋಜನೆಗೆ ಐದೂರಿನ ಹೆಸರೂ ಇರುತ್ತದೆ. ಕಾಗದದ ಮೇಲೆ, ಬೋರ್ಡಿನ ಮೇಲೆ, ನಾಳೆ ಬಸ್ಸು ಬಂದರೆ ಬಸ್ಸಿನ ಹಣೆಯ ಮೇಲೆ. ಹೆಸರು ಐದಾದರೂ ಮೊದಲು ಬರುವುದು ಒಂದೇ. ಆ ಮೊದಲ ಜಾಗವನ್ನು ಸವಾಲಿಗೆ ಇಡುವುದು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು.

ಸಂಗ್ರಾಮ ಒಪ್ಪಲಿಲ್ಲ. ಅರ್ಧ ಹಣ ಮೇಲಿನದು, ಅದಕ್ಕೆ ತೆಂಗಿನಕಾಯಿಯಂತೆ ಸವಾಲು ಕೂಗಲು ಬರುವುದಿಲ್ಲ ಎಂದ.

“ಸವಾಲ ಅಂತ ಬರೀಬ್ಯಾಡ್ರಿ ಮತ್ತ,” ಎಂದ ಅಣ್ಣಾಸಾಬ.

ಸಂಗ್ರಾಮ ಕಚೇರಿಗೆ ಹೋಗಿ ಅದಕ್ಕೆ ‘ನಾಮಕ್ರಮಾಧಾರಿತ ಸ್ವಯಂಪ್ರೇರಿತ ವಂತಿಗೆ’ ಎಂದು ಹೆಸರಿಟ್ಟ. ಮುರಗೆಪ್ಪನಿಗೆ ಅದು ತಿಳಿಯಲಿಲ್ಲವಾದ್ದರಿಂದ ಬಹಳ ಹಿಡಿಸಿತು.

ಎರಡನೆಯ ಸಭೆಗೆ ಅಣ್ಣಾಸಾಬ ಮನೀಷಾ ತಾಯಿಯ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ ಕುಳಿತು ಬಂದ. ಬಗಲಲ್ಲಿ ಒಂದು ತೆಂಗಿನಕಾಯಿ. ಅದು ಯಾಕೆ ಎಂದು ಮುರಗೆಪ್ಪ ಕೇಳಿದಾಗ, ಕಾಯಿ ಇಲ್ಲದೆ ತನಗೆ ಬಾಯಿ ಬರುವುದಿಲ್ಲ ಎಂದ. ಕಾಯಿಯನ್ನು ಮೇಜಿನ ನಡುವೆ ಇಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಕೆಮ್ಮಿ, ಶುರುಮಾಡಿದ. ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ವಿದ್ಯಾವಂತರಂತೆ ಕುಳಿತಿದ್ದರು. ಆಗ ಅಣ್ಣಾಸಾಬ ಅಥಣಿಯ ಕಡೆ ತಿರುಗಿದ.

“ಬಾಳಾಸಾಬರ, ಅಥಣಿ ಚಪ್ಪಲಿ ಊರೂರಾಗ ಎಲ್ಲಾರಕಿಂತ ಮುಂದ ನಡೀತಾವ. ಮಾಡಿದ ನೀವ ಹಿಂದ ಕುಂಡ್ರತೀರೇನ್ರಿ?”

ಬಾಳಾಸಾಬ ಎರಡು ಲಕ್ಷ ಎಂದ. ಚಿಕ್ಕೋಡಿಯವರು, ನಾಳೆಯ ಜಿಲ್ಲೆಯನ್ನು ನೆನೆದು, ಎರಡೂವರೆ ಎಂದರು. ನಿಪ್ಪಾಣಿಯವರು ಮೂರಕ್ಕೆ ಏರಿದರು. ಸೊನ್ನೆ ಪಾಲಿನವರು ಇವರೇನಾ ಎಂದು ಸಂಗ್ರಾಮ ಕಣ್ಣುಜ್ಜಿಕೊಂಡ. ರೈಲಿದ್ದ ರಾಯಬಾಗದವರು ಮೂರೂಕಾಲು ಎಂದು ಕೂಗಿದರು. ಅಣ್ಣಾಸಾಬ ಪ್ರತಿ ಕೂಗಿಗೂ ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿದೆಯೆಂಬಂತೆ ತಲೆದೂಗುತ್ತಿದ್ದ. ಕೊನೆಗೆ ಇಡೀ ಹೊತ್ತು ಸುಮ್ಮನೆ ಕುಳಿತಿದ್ದ ಮನೀಷಾ ತಾಯಿ ನಾಲ್ಕು ಎಂದರು. ಸಣ್ಣ ಊರೆಂದು ಆ ಮೊದಲ ಸಭೆಯಲ್ಲಿ ಅವರೇ ಹೇಳಿದ್ದರು; ಅದಕ್ಕೆ ಬೇರೆ ನಾಲ್ವರೂ ಸರಾಗವಾಗಿ ಒಪ್ಪಿಬಿಟ್ಟಿದ್ದು ಅವರ ಮನಸ್ಸಿಗೆ ನಾಟಿತ್ತು.

“ಕಾಗವಾಡ ನಾಕ ಲಕ್ಷ. ಒಂದ ಸಾರಿ,” ಎಂದ ಅಣ್ಣಾಸಾಬ, ನಿಪ್ಪಾಣಿಯವರ ಮುಖ ನೋಡುತ್ತ. “ಎರಡ ಸಾರಿ. ನೀರ ಕುಡೀರಿ ನಿಪ್ಪಾಣಿಯವ್ರ, ಗಂಟಲ ಒಣಗೇತಿ. ಮೂರ ಸಾರಿ.”

ಎರಡನೆಯ ಜಾಗ ಅಥಣಿಗೆ, ಮೂರನೆಯದು ಚಿಕ್ಕೋಡಿಗೆ ಹೋಯಿತು. ನಾಲ್ಕನೆಯದನ್ನು ರಾಯಬಾಗ ಹಿಡಿಯಿತು. ಪ್ರತಿ ಸಲವೂ ಕೂಗಿ ಪ್ರತಿ ಸಲವೂ ಸೋತ ನಿಪ್ಪಾಣಿಯವರು, ಹೆಸರೇ ಬಿಟ್ಟುಹೋದೀತೆಂಬ ಭಯಕ್ಕೆ ಐದನೆಯದಕ್ಕೆ ಯಾರೂ ಕೇಳದಿದ್ದರೂ ತಾವೇ ಒಂದು ಲಕ್ಷ ಬರೆಸಿದರು. ಬೇಕಾದದ್ದಕ್ಕಿಂತ ಹೆಚ್ಚೇ ಕೂಡಿತು. ಆ ಸಂಜೆ ಸಂಗ್ರಾಮ ಮುಂಬಾಗಿಲಿನಿಂದ ಒಳಗೆ ಹೋಗಿ, ಸೋಫಾದ ಮೇಲೆ ಕಾಲು ಚಾಚಿ ಕುಳಿತ. ಸುಜಾತಾ ಭಜಿ ಕರಿದಳು.

ಆಮೇಲೆ ಫೆಬ್ರುವರಿ ನಡೆಯತೊಡಗಿತು. ಹಣ ಬರಲಿಲ್ಲ.

ಮೊದಲು ಸಂಗ್ರಾಮ ಪತ್ರ ಬರೆದ. ಆಮೇಲೆ ಫೋನು ಮಾಡಿದ. ಆಮೇಲೆ ತಾನೇ ಊರೂರಿಗೆ ಹೋದ. ಎಲ್ಲ ಕಡೆ ಚಹಾ ಬಂತು, ಎಲ್ಲ ಕಡೆ ನಗುಮುಖ. ಕೊಡುವುದಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಕೊಡುವುದು ಯಾವಾಗ ಎಂದರೆ ಮಾತ್ರ ಐವರೂ ಆಶ್ಚರ್ಯದಿಂದ ನೋಡಿದರು. ಬಾಳಾಸಾಬನಂತೂ ಅವನ ಬೆನ್ನು ತಟ್ಟಿದ.

“ಏನ್ರೀ ಸಂಗ್ರಾಮ, ಹೊಸಬರಂಗ ಕೇಳಾಕತ್ತೀರಿ. ಸವಾಲಿನ ರೊಕ್ಕ ಮುಂದಿನ ಗಣಪತಿಗಿ ಅಲ್ಲೇನ್ರಿ?”

ಅದೇ ರೂಢಿ. ಸಂಗ್ರಾಮನೂ ಅದೇ ನೀರು ಕುಡಿದು ಬೆಳೆದವನು, ಆದರೂ ಹೊಳೆದಿರಲಿಲ್ಲ. 'ನಾಮಕ್ರಮಾಧಾರಿತ' ಎಂದು ಬರೆದಾಗಿನಿಂದ ಅದು ಸವಾಲು ಎಂಬುದನ್ನು ಅವನೊಬ್ಬನೇ ಮರೆತಿದ್ದ. ಕಾಯಿಯನ್ನು ಈ ವರ್ಷ ಮನೆಗೆ ಒಯ್ಯುವುದು, ಕೂಗಿದ ಹಣವನ್ನು ಬರುವ ವರ್ಷ ಗಣಪತಿ ಕೂರಿಸುವ ಮೊದಲು ಕೊಡುವುದು. ಆ ಸಾಲದ ಧೈರ್ಯದ ಮೇಲೇ ಮೂವತ್ತರ ಕಾಯಿ ಐವತ್ತು ಸಾವಿರಕ್ಕೆ ಏರುವುದು. ಕೈಯಲ್ಲಿ ರೊಕ್ಕ ಹಿಡಿದು ಕೂಗಿ ಎಂದಿದ್ದರೆ ಐದೂರೂ ಸೇರಿ ಕಾಯಿಯ ದರವೂ ಬರುತ್ತಿರಲಿಲ್ಲ.

ಅಂಕಲಿಗೆ ಓಡಿದ. ಅಣ್ಣಾಸಾಬ ಹಾಲಿನ ಟೆಂಪೋ ಹತ್ತಲು ಒಂದು ಕಾಲು ಮೇಲಿಟ್ಟಿದ್ದ. ಸಂಗತಿ ಕೇಳಿ ಅವನಿಗೂ ಆಶ್ಚರ್ಯವೇ ಆಯಿತು: ಸವಾಲಿನ ಹಣವನ್ನು ಅದೇ ವರ್ಷ ಕೊಟ್ಟವರನ್ನು ತಾನು ಈ ಜನ್ಮದಲ್ಲಿ ನೋಡಿಲ್ಲ, ಫೆಬ್ರುವರಿಗೇ ಬೇಕೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಇವನನ್ನೇ ಕೇಳಿದ. ಸಂಗ್ರಾಮ ತಾನು ಹೇಳಿದ್ದೆ ಎಂದ. ಅಣ್ಣಾಸಾಬ ತನಗೆ ಹಿತ್ತಲ ಬಾಗಿಲಿನದಷ್ಟೇ ನೆನಪಿದೆ ಎಂದ. ಟೆಂಪೋದವನು ಹಾಲು ಒಡೆದೀತೆಂದು ಹಾರ್ನು ಹೊಡೆದ.

ಚಿಕ್ಕೋಡಿಯಲ್ಲಿ ಮುರಗೆಪ್ಪ ಏನೂ ಬಯ್ಯಲಿಲ್ಲ. ಡಿಪೋದ ಕೀಲಿಗೊಂಚಲನ್ನು ತಂದು ಸಂಗ್ರಾಮನ ಮೇಜಿನ ಮೇಲೆ, ಪೆನ್ನಿನ ಸ್ಟ್ಯಾಂಡಿನ ಪಕ್ಕ ಇಟ್ಟ. ಅದಕ್ಕೆ ವಾಸನೆ ಇನ್ನೂ ಇತ್ತು.

ಮೂರನೆಯ ದಿನ ಅಣ್ಣಾಸಾಬ ಒಂದು ಆಂಬುಲನ್ಸಿನಲ್ಲಿ ಕಚೇರಿಗೆ ಬಂದಿಳಿದ. ಸಂಗ್ರಾಮ ಗಾಬರಿಯಾಗಿ ಓಡಿಬಂದರೆ, ರೋಗಿಯನ್ನು ಬಿಟ್ಟು ಖಾಲಿ ಬರುತ್ತಿತ್ತು, ಹತ್ತಿದೆ ಎಂದ. ಕುಳಿತು ಮಾತು ತೆಗೆದ. ಮಂದಿಗೆ ಹಣ ಕೊಡಿ ಎಂದರೆ ಗಣಪತಿಗೆ ಎನ್ನುತ್ತಾರೆ. ಕೊಟ್ಟಿದ್ದೀರಿ ಎಂದರೆ ಏನೆನ್ನುತ್ತಾರೆ, ನೋಡೋಣವೇ?

ಉಪಾಯ ಕೇಳಿ ಸಂಗ್ರಾಮ ಕಿವಿ ಮುಚ್ಚಿಕೊಂಡ. ಅದು ಶುದ್ಧ ಸುಳ್ಳಲ್ಲವೇ ಎಂದ.

“ಸುಳ್ಳ ಹೆಂಗಾಕ್ಕೈತ್ರಿ? ಖರೇನ, ಸ್ವಲ್ಪ ಮೊದಲ ಹೇಳೂದು.”

ಸಂಗ್ರಾಮ ಮೇಜಿನ ಮೇಲಿನ ಕೀಲಿ ನೋಡಿದ. ಅವನ ಆತ್ಮಸಾಕ್ಷಿ ಬಲವಾದದ್ದೇ, ಆದರೆ ಅದಕ್ಕೂ ಮೂಗಿತ್ತು.

ಅವರವರ ಸಂತೆಯ ದಿನ ಐದೂರಿನ ಬಸ್‌ಸ್ಟ್ಯಾಂಡುಗಳ ಎದುರು ಐದು ದೊಡ್ಡ ಫ್ಲೆಕ್ಸುಗಳು ಎದ್ದವು. ಒಂದೊಂದರ ಮೇಲೂ ಆಯಾ ಊರಿನ ಅಧ್ಯಕ್ಷರ ಆಳೆತ್ತರದ ಫೋಟೋ, ಕಿವಿಗೆ ಮೊಬೈಲು, ಕಣ್ಣಿಗೆ ಕಪ್ಪು ಕನ್ನಡಕ, ಹಿಂದೆ ಎಲ್ಲಿಯದೋ ವಿದೇಶದ ಬಸ್ಸು. ಕೆಳಗೆ ಬರಹ: ‘ಐದೂರ ಸಾರಿಗೆ ಯೋಜನೆಗೆ ತಮ್ಮ ಊರಿನ ಪಾಲನ್ನು ಎಲ್ಲರಿಗಿಂತ ಮೊದಲು ಸಂದಾಯ ಮಾಡಿದ ಧೀಮಂತ ನಾಯಕರಿಗೆ ಹಾರ್ದಿಕ ಅಭಿನಂದನೆಗಳು’. ಐದು ಫ್ಲೆಕ್ಸಿನಲ್ಲೂ ಎಲ್ಲರಿಗಿಂತ ಮೊದಲು. ಆ ಊರಿನವರು ಈ ಊರಿನ ಫ್ಲೆಕ್ಸು ನೋಡಲು ಬರಬೇಕೆಂದರೆ ನೇರ ಬಸ್ಸಿರಲಿಲ್ಲ, ಆ ಧೈರ್ಯ. ಮೊಬೈಲಿನಲ್ಲಿ ಫೋಟೋ ಓಡಾಡಿದಾಗ ಪ್ರತಿ ಊರೂ ಉಳಿದ ನಾಲ್ಕನ್ನು ಬರೀ ಬಡಾಯಿ ಎಂದು ನಂಬಿತು. ಫ್ಲೆಕ್ಸು ಹಾಕಿದವನಿಗೆ ಹಣ ಮುಂದಿನ ಗಣಪತಿಗೆ ಎಂದು ಅಣ್ಣಾಸಾಬ ಮೊದಲೇ ಮಾತಾಡಿದ್ದ.

ಅಥಣಿಯಲ್ಲಿ ಬಾಳಾಸಾಬ ಸಂತೆಗೆ ಕಾಯಿಪಲ್ಲೆ ತರಲು ಹೋದವನು ಕೊರಳ ತುಂಬ ಹಾರ ಹಾಕಿಸಿಕೊಂಡು, ತಲೆಗೆ ಫೇಟಾ ಸುತ್ತಿಸಿಕೊಂಡು ಮನೆಗೆ ಬಂದ. ಹಾರ ಹಾಕಿಸಿಕೊಳ್ಳುವಾಗ ‘ಇನ್ನೂ ಕೊಟ್ಟಿಲ್ಲ’ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕಾಗವಾಡದಲ್ಲಿ ಮನೀಷಾ ತಾಯಿಯ ಅತ್ತೆ ಚನ್ನವ್ವ, ಸೊಸೆ ಇಷ್ಟು ದೊಡ್ಡ ಕೆಲಸ ಮಾಡಿದ್ದನ್ನು ತನಗೆ ಹೇಳಲಿಲ್ಲವೆಂದು ಸಿಟ್ಟು ಮಾಡಿ, ಆಮೇಲೆ ಓಣಿಗೆಲ್ಲ ಪೇಡೆ ಹಂಚಿದಳು. ರಾಯಬಾಗದಲ್ಲಿ ಅಧ್ಯಕ್ಷರ ವಿರೋಧಿಗಳು ಹಣ ಕಟ್ಟಿದ ರಸೀದಿ ತೋರಿಸಲಿ ಎಂದು ಹಟ ಹಿಡಿದರು. ನಿಪ್ಪಾಣಿಯವರು ಫ್ಲೆಕ್ಸನ್ನು ಇಳಿಸಬೇಕೆಂದು ಏಣಿ ತರಿಸಿ, ಫೋಟೋ ಚೆನ್ನಾಗಿ ಬಂದದ್ದನ್ನು ಹತ್ತಿರದಿಂದ ನೋಡಿ, ಏಣಿ ವಾಪಸು ಕಳಿಸಿದರು.

ಸೋಮವಾರದಿಂದ ಹಣ ಬರತೊಡಗಿತು. ಎಲ್ಲರೂ ಸಂಗ್ರಾಮನಿಗೆ ಫೋನು ಮಾಡಿ, ರಸೀದಿಗೆ ಹಿಂದಿನ ವಾರದ ತಾರೀಖು ಹಾಕಲು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಅವನು ಬರುವುದಿಲ್ಲ ಎಂದ. ಆ ಒಂದು ವಿಷಯದಲ್ಲಿ ಪ್ರಾಮಾಣಿಕನಾಗಿ ಉಳಿದದ್ದಕ್ಕೆ ಬಹಳ ಹೆಮ್ಮೆ ಪಟ್ಟುಕೊಂಡ. ಎಲ್ಲರಿಗಿಂತ ಕೊನೆಗೆ ಕಟ್ಟಿದವರು ಚಿಕ್ಕೋಡಿಯವರು. ಅವರ ಸಮಿತಿಯ ಕಚೇರಿ ಕೂಟದ ಕಚೇರಿಯ ಕೆಳಗಿನ ಮಹಡಿಯಲ್ಲೇ ಇತ್ತು. ಅಷ್ಟು ಹತ್ತಿರದವರಿಗೆ ಅವಸರವೇನು?

ಫೆಬ್ರುವರಿ ಮುಗಿಯಿತು. ಮೇಲಿನ ಅರ್ಧವೂ ಉಳಿಯಿತು. ಅಳೆಯುವವರು ಪುಣೆಯಿಂದ ಬಂದು ರಸ್ತೆಯ ಬದಿಯಲ್ಲಿ ಛತ್ರಿ ಹಿಡಿದು ನಿಂತು ಗಾಡಿಗಳನ್ನು ಎಣಿಸತೊಡಗಿದರು. ಕಾಗವಾಡದ ಹೆಸರು ಮೊದಲಿಗೆ ಬಂದ ಬೋರ್ಡು ಕಚೇರಿಯ ಬಾಗಿಲಿಗೆ ಏರಿತು. ಡಿಪೋದ ಕೀಲಿ ಮೇಜಿನಿಂದ ಮಾಯವಾಯಿತು. ಸಂಗ್ರಾಮ ಫ್ಯಾನಿನ ವೇಗವನ್ನು ಒಂದು ಹೆಚ್ಚಿಸಿ, ಕುರ್ಚಿಗೆ ಹೊಸ ಟವೆಲು ಹಾಕಿಸಿದ.

ಟವೆಲು ಮೈಗೆ ಹೊಂದುವ ಮೊದಲೇ ಮುರಗೆಪ್ಪ ಕರೆಸಿದ. ಬಾಯಿ ತುಂಬ ಹೊಗಳಿದ. ಐದೂರಿನವರ ಕಿಸೆಯಿಂದ ಹಣ ತೆಗೆಸಿದ ಮನುಷ್ಯ ಈ ಭಾಗದಲ್ಲಿ ಹಿಂದೆ ಹುಟ್ಟಿರಲಿಲ್ಲ, ಇಂಥವನನ್ನು ಬರೀ ಸಾರಿಗೆಗೆ ಇಡುವುದು ಅನ್ಯಾಯ ಎಂದ. ಇನ್ನೊಂದು ದೊಡ್ಡ ಯೋಜನೆ ಬಂದಿದೆ, ಅರ್ಧ ಮೇಲಿನದು, ಅರ್ಧ ಐದೂರಿನದು. ಐದೂರಿನ ಕಸವನ್ನೂ ಒಂದೇ ಡಿಪೋಕ್ಕೆ ತರುವುದು. ಸಂಚಾಲಕ ಯಾರೆಂದು ಮೇಲಿನವರು ಕೇಳಿದಾಗ ಮುರಗೆಪ್ಪ ಹಿಂದುಮುಂದು ನೋಡದೆ ಸಂಗ್ರಾಮನ ಹೆಸರು ಬರೆಸಿದ್ದಾನೆ. ಇದು ಆಗದಿದ್ದರೆ ಸಂಗ್ರಾಮ ಹಳೆಯ ಡಿಪೋಕ್ಕೆ. ಆಯಿತೆಂದರೆ ಐದು ಪಟ್ಟು ದೊಡ್ಡ ಡಿಪೋಕ್ಕೆ. ಸದ್ಯಕ್ಕೆ ಹಣ ಕೂಡುವ ತನಕ ಮಾತ್ರ ಫ್ಯಾನು ಅವನದು.

ಸಂಜೆ ಸಂಗ್ರಾಮ ಅಂಕಲಿಯ ಬಸ್ಸು ಹತ್ತಿದ. ಅಣ್ಣಾಸಾಬ ಅದೇ ಬಾಕಿನ ಮೇಲೆ ಕುಳಿತು, ಛತ್ರಿ ಹಿಡಿದ ಪುಣೆಯ ಹುಡುಗಿಯೊಬ್ಬಳಿಗೆ ಯಾವ ಗಾಡಿಯಲ್ಲಿ ಕುಳಿತರೆ ಬೆನ್ನು ನೋಯುವುದಿಲ್ಲವೆಂದು ತಿಳಿಸುತ್ತಿದ್ದ. ಅವಳು ಎದ್ದು ಹೋದ ಮೇಲೆ ಸಂಗ್ರಾಮ ಎಲ್ಲವನ್ನೂ ಹೇಳಿದ. ಐದು ಪಟ್ಟು ಎಂಬಲ್ಲಿ ಅವನ ದನಿ ಒಡೆಯಿತು. ಚಹಾ ಬಂತು, ಇಬ್ಬರೂ ಬಸಿಗೆ ಹಾಕಿಕೊಂಡರು.

“ಸಾರಿಗೆಗಿ ಮೊದಲನೇ ಹೆಸರ ಬೇಕಂತ ಬಡದಾಡಿದ್ರು ಕಾಕಾ,” ಎಂದ ಸಂಗ್ರಾಮ. “ಕಸದ ಬೋರ್ಡಿನ ಮ್ಯಾಲ ಯಾರ್ರೀ ಮೊದಲನೇ ಹೆಸರ ಬೇಡ್ತಾರ?”

ಅಣ್ಣಾಸಾಬ ಬಸಿ ಖಾಲಿ ಮಾಡಿ, ಮೀಸೆ ಒರೆಸಿಕೊಂಡ.

“ಈ ಸಲ ಕಡೀ ಹೆಸರ ಸವಾಲಿಗಿ ಇಡ್ರಿ.”